ಘೋಳ್, ಕೋತ್, ಧೋಮ: ಮುಂಬೈಯಲ್ಲಿ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆಗಳು

ಊರಿಂದ ಮುಂಬೈಗೆ ಬಂದ ಕರಾವಳಿಯವರಿಗೆ ಬಂಗುಡೆಯನ್ನು ಬಾಂಗಡಾ ಅನ್ನುವುದು, ಅಂಜಲನ್ನು ಸುರ್ಮಯಿ ಅನ್ನುವುದು ಬೇಗ ಅಭ್ಯಾಸವಾಗುತ್ತದೆ. ತಲೆ ಕೆಡುವುದು ಘೋಳ್ ವಿಷಯದಲ್ಲಿ. ಪೇಪರಿನಲ್ಲಿ ಕೋಟಿ ರೂಪಾಯಿ ಮೀನು ಅಂತ ಬರುತ್ತದೆ. ಮಾರ್ಕೆಟ್‌ಗೆ ಹೋದರೆ ಅದೇ ಹೆಸರಿನ ಮೀನನ್ನು ತುಂಡು ಮಾಡಿ ಕಿಲೋ ಲೆಕ್ಕದಲ್ಲಿ ಮಾರುತ್ತಿರುತ್ತಾರೆ. ಅಂಧೇರಿ, ಮಾಟುಂಗಾ, ಡೊಂಬಿವಲಿ ಕಡೆಯ ನಮ್ಮವರು ಫೋನಿನಲ್ಲಿ, ಮದುವೆ ಊಟದ ಸಾಲಿನಲ್ಲಿ, ಸಂಘದ ಮೀಟಿಂಗ್ ಮುಗಿದ ಮೇಲೆ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ.

ಘೋಳ್ ಅಂದರೆ ನಮ್ಮ ಊರಿನ ಕಲ್ಲೂರೇನಾ?

ಒಂದೇ ಕುಟುಂಬ, ಆದರೆ ಒಂದೇ ಮೀನಲ್ಲ. ಮಂಗಳೂರು, ಉಡುಪಿ ಕಡೆ ಕಲ್ಲೂರು ಅನ್ನುವುದು, ಗೋವಾದಲ್ಲಿ ದೋಡ್ಯಾರೊ ಅನ್ನುವುದು, ಮುಂಬೈಯ ಕೋಳಿ ಎಂಬ ಬೆಸ್ತ ಸಮುದಾಯದ ಹೆಂಗಸರು ಧೋಮ ಅನ್ನುವುದು, ಇವೆಲ್ಲ ಸೈಯೆನಿಡೇ ಎಂಬ ದೊಡ್ಡ ಕುಟುಂಬದ ಬೇರೆ ಬೇರೆ ಸದಸ್ಯರು. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ಸೇರಿಸಿ ಕ್ರೋಕರ್ ಅನ್ನುತ್ತಾರೆ. ಜಗತ್ತಿನಲ್ಲಿ ಸುಮಾರು 300 ಜಾತಿಗಳಿವೆ. ಹೆಚ್ಚಿನವು ದಡದ ಹತ್ತಿರದ ಕೆಸರು ನೀರಿನವು, ಕೆಲವು ನದಿಯಲ್ಲೇ ಬದುಕುತ್ತವೆ.

ಈ ಕುಟುಂಬದಲ್ಲಿ ನಮ್ಮ ಸಮುದ್ರದ ದೊಡ್ಡಣ್ಣ ಘೋಳ್. ವಿಜ್ಞಾನದ ಹೆಸರು ಪ್ರೋಟೋನಿಬಿಯಾ ಡಯಾಕ್ಯಾಂತಸ್. ಫ್ರಾನ್ಸಿನ ಲಾಸೆಪೇಡ್ 1802ರಲ್ಲಿ ಇದನ್ನು ದಾಖಲಿಸಿದ. ಪರ್ಷಿಯನ್ ಕೊಲ್ಲಿಯಿಂದ ನಮ್ಮ ಎರಡೂ ಕರಾವಳಿ, ಆಗ್ನೇಯ ಏಷ್ಯಾ, ಅತ್ತ ಜಪಾನ್, ಇತ್ತ ಉತ್ತರ ಆಸ್ಟ್ರೇಲಿಯಾದವರೆಗೂ ಇದರ ಓಡಾಟ. 2023ರ ನವೆಂಬರಿನಲ್ಲಿ ಗುಜರಾತ್ ಇದನ್ನೇ ತನ್ನ ರಾಜ್ಯ ಮೀನು ಅಂತ ಘೋಷಿಸಿತು.

ಮಾರ್ಕೆಟ್‌ನಲ್ಲಿ ಗುರುತಿಸುವುದು ಹೇಗೆ? ಯಾವುದನ್ನೋ ಘೋಳ್ ಅಂತ ಕೊಟ್ಟರೆ?

ಮೊದಲು ಅದು ಈ ಕುಟುಂಬದ ಮೀನು ಹೌದೋ ಅಲ್ಲವೋ ನೋಡಿ. ಮೀನಿನ ಪಕ್ಕದಲ್ಲಿ ತಲೆಯಿಂದ ಬಾಲದ ಕಡೆಗೆ ಒಂದು ಗೆರೆ ಹೋಗುತ್ತದಲ್ಲ, ಬೇರೆ ಎಷ್ಟೋ ಮೀನಿನಲ್ಲಿ ಅದು ಬಾಲದ ಬುಡಕ್ಕೆ ಬಂದು ನಿಲ್ಲುತ್ತದೆ. ಇವುಗಳಲ್ಲಿ ಬಾಲದ ರೆಕ್ಕೆಯ ಒಳಕ್ಕೂ ನುಗ್ಗಿ ತುದಿಯವರೆಗೆ ಹೋಗುತ್ತದೆ. ಬಾಲವನ್ನು ಬೆರಳಿನಿಂದ ಬಿಡಿಸಿ ಹಿಡಿದರೆ ಬರಿಗಣ್ಣಿಗೆ ಕಾಣುತ್ತದೆ. ಎರಡನೆಯದು, ಬೆನ್ನಿನ ರೆಕ್ಕೆ. ಮುಂದೆ ಮುಳ್ಳಿನ ಚಿಕ್ಕ ಭಾಗ, ನಡುವೆ ಆಳವಾದ ಕಚ್ಚು, ಆಮೇಲೆ ಬಾಲದ ಹತ್ತಿರದವರೆಗೂ ಉದ್ದಕ್ಕೆ ಮೆತ್ತನೆಯ ಭಾಗ. ಇವೆರಡೂ ಇದ್ದರೆ ಕುಟುಂಬ ಖಚಿತ.

ಇನ್ನು ಘೋಳ್. ಚಿಕ್ಕದಿದ್ದಾಗ ಬೆನ್ನ ಮೇಲೆ, ಬೆನ್ನಿನ ರೆಕ್ಕೆ ಮತ್ತು ಬಾಲದ ಮೇಲೆ ಕಪ್ಪು ಚುಕ್ಕೆಗಳು ಚೆಲ್ಲಿದ ಹಾಗೆ ಇರುತ್ತವೆ. ಹೊಟ್ಟೆಯ ಕೆಳಗಿನ ರೆಕ್ಕೆಗಳು ಕಪ್ಪು. ದೊಡ್ಡದಾದ ಹಾಗೆ ಚುಕ್ಕೆ ಮಾಸಿ ಮೈ ಬೂದು ಕಪ್ಪಾಗುತ್ತದೆ. ಕೋತ್ ಇದೇ ಕುಟುಂಬದ ಇನ್ನೊಂದು ಮೀನು, ಘೋಳ್‌ಗಿಂತ ಸಪೂರ, ಉದ್ದ, ಮೈಯಲ್ಲಿ ಕಂಚಿನ ಬಣ್ಣದ ಹೊಳಪು. ಧೋಮ ಅಂದರೆ ಅಂಗೈಯಿಂದ ಮೊಳದೊಳಗಿನ ಚಿಕ್ಕ ಮೀನುಗಳು. ಅದರಲ್ಲೇ ಹತ್ತಾರು ಜಾತಿ ಇವೆ. ಕೆಲವಕ್ಕೆ ಬಾಯಿ ತಲೆಯ ಕೆಳಗಿರುತ್ತದೆ, ಇನ್ನು ಕೆಲವಕ್ಕೆ ಮುಂದೆ ಕೋರೆ ಹಲ್ಲು ಎದ್ದು ಕಾಣುತ್ತದೆ. ಮಾರುವವರಿಗೆ ಅಷ್ಟೆಲ್ಲ ವಿಂಗಡಣೆಯ ಅಗತ್ಯ ಬೀಳುವುದಿಲ್ಲ, ಬುಟ್ಟಿಗೆ ಬಿದ್ದದ್ದೆಲ್ಲ ಧೋಮ.

ತುಂಡು ಮಾಡಿಟ್ಟ ಮೇಲೆ ಗುರುತಿಸುವುದು ಕಷ್ಟ. ಘೋಳ್ ಬೇಕೇ ಬೇಕು ಅಂದರೆ ಇಡೀ ಮೀನಿರುವಾಗಲೇ ಹೋಗಿ ಎದುರಿಗೇ ಕತ್ತರಿಸಿಕೊಳ್ಳಿ.

ಈ ಮೀನು ನಿಜವಾಗಲೂ ಕೂಗುತ್ತದಾ?

ಕೂಗುತ್ತದೆ. ದೋಣಿಗೆ ಎಳೆದು ಹಾಕಿದ ಮೇಲೂ ಗೊರ್ ಗೊರ್ ಅನ್ನುತ್ತದೆ. ಬಾಯಿಂದ ಬರುವ ಸದ್ದಲ್ಲ, ಹೊಟ್ಟೆಯೊಳಗಿಂದ ಬರುವುದು.

ಮೂಳೆ ಇರುವ ಹೆಚ್ಚಿನ ಮೀನುಗಳ ಹೊಟ್ಟೆಯಲ್ಲಿ ಬೆನ್ನೆಲುಬಿಗೆ ತಾಗಿಕೊಂಡು ಒಂದು ಗಾಳಿಚೀಲ ಇರುತ್ತದೆ. ನೀರಿನಲ್ಲಿ ಮುಳುಗದೆ ತೇಲದೆ ಒಂದೇ ಆಳದಲ್ಲಿ ನಿಲ್ಲಲು ಅದು ಬೇಕು. ಈ ಕುಟುಂಬದ ಮೀನುಗಳು ಆ ಚೀಲಕ್ಕೆ ಇನ್ನೊಂದು ಕೆಲಸವನ್ನೂ ಹಚ್ಚಿವೆ. ಚೀಲದ ಎರಡೂ ಪಕ್ಕ ಹೊಟ್ಟೆಯ ಗೋಡೆಗೆ ಅಂಟಿದ ಹಾಗೆ ಒಂದೊಂದು ಸ್ನಾಯುಪಟ್ಟಿ ಇದೆ. ಅದು ಪಟಪಟನೆ ಬಿಗಿದು ಸಡಿಲವಾದರೆ ಚೀಲ ನಡುಗುತ್ತದೆ, ಒಳಗಿನ ಗಾಳಿ ಸದ್ದನ್ನು ದೊಡ್ಡದು ಮಾಡುತ್ತದೆ. ಚೆಂಡೆಯ ಚರ್ಮಕ್ಕೆ ಕೋಲು ಬಿದ್ದಂತೆಯೇ, ಕೋಲು ಮಾತ್ರ ಒಳಗಿದೆ. ಬೆನ್ನೆಲುಬಿರುವ ಪ್ರಾಣಿಗಳಲ್ಲಿ ಅತಿ ವೇಗವಾಗಿ ಕೆಲಸ ಮಾಡುವ ಸ್ನಾಯುಗಳ ಪೈಕಿ ಇಂಥ ಸದ್ದಿನ ಸ್ನಾಯುಗಳೂ ಸೇರಿವೆ.

ಇದನ್ನು ಮನೆಯಲ್ಲೇ ನೋಡಬಹುದು. ಮಧ್ಯಮ ಗಾತ್ರದ ಗಂಡು ಮೀನನ್ನು ಸೀಳುವಾಗ ಹೊಟ್ಟೆಯ ಒಳಗೋಡೆ ನೋಡಿ. ಮಾಂಸವೆಲ್ಲ ಬಿಳಿ ಇದ್ದರೂ ಚೀಲದ ಅಕ್ಕಪಕ್ಕ ಮಾತ್ರ ತೆಳ್ಳಗೆ ಕೆಂಪು ಪಟ್ಟಿ ಇರುತ್ತದೆ. ಅದೇ ಆ ಸ್ನಾಯು. ಘೋಳ್ ಚೀಲವಂತೂ ನೋಡುವ ಹಾಗಿರುತ್ತದೆ. ಕ್ಯಾರೆಟ್ ಆಕಾರ, ಮುಂದೆ ಅಗಲ, ಹಿಂದೆ ಚೂಪು, ಎರಡೂ ಅಂಚಿನಲ್ಲಿ ಸಾಲಾಗಿ ಕವಲೊಡೆದ ಎಳೆಗಳು. ಈ ಕವಲುಗಳ ಆಕಾರ ಜಾತಿಯಿಂದ ಜಾತಿಗೆ ಬೇರೆ. ಹೊರಗಿಂದ ಒಂದೇ ಥರ ಕಾಣುವ ಎರಡು ಧೋಮಗಳನ್ನು ಬೇರೆ ಮಾಡಲು ವಿಜ್ಞಾನಿಗಳು ಹೊಟ್ಟೆ ಬಿಚ್ಚಿ ಇದನ್ನೇ ನೋಡುತ್ತಾರೆ.

ಯಾಕೆ ಕೂಗಬೇಕು?

ಮುಂಬೈ ಸಮುದ್ರದ ನೀರನ್ನು ಒಂದು ಸಲ ಕೈಯಲ್ಲಿ ಎತ್ತಿ ನೋಡಿ, ಅರ್ಥವಾಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಹೊತ್ತಿಗೆ ಇಲ್ಲಿ ಉಬ್ಬರ ಇಳಿತದ ವ್ಯತ್ಯಾಸ 5 ಮೀಟರ್ ಹತ್ತಿರ ಹೋಗುತ್ತದೆ. ಅಷ್ಟು ನೀರು ದಿನಕ್ಕೆ ಎರಡು ಸಲ ಒಳಗೆ ಹೊರಗೆ ಓಡಾಡಿದರೆ ತಳದ ಕೆಸರು ಯಾವಾಗ ಕೂರಬೇಕು? ಆ ಕದಡಿದ ನೀರಲ್ಲಿ ಕಣ್ಣು ನಂಬಿ ಜೋಡಿ ಹುಡುಕಲಾಗದು. ಸದ್ದಾದರೆ ಕತ್ತಲೆಯಲ್ಲೂ ದೂರ ಹೋಗುತ್ತದೆ.

ಹಲವು ಜಾತಿಗಳಲ್ಲಿ ಗಂಡು ಮಾತ್ರ ಕೂಗುತ್ತದೆ, ಕೆಲವದರಲ್ಲಿ ಎರಡೂ. ಮೊಟ್ಟೆ ಇಡುವ ಕಾಲದಲ್ಲಿ ಸಂಜೆ ಹೊತ್ತು ಗುಂಪಾಗಿ ಸೇರಿ ಒಟ್ಟಿಗೆ ಶುರು ಮಾಡುತ್ತವೆ. ಮೆಕ್ಸಿಕೋದ ಒಂದು ಕ್ರೋಕರ್ ಜಾತಿಯ ಗುಂಪಿನ ಸದ್ದು ಮೀನುಗಳಲ್ಲೇ ಅತಿ ಜೋರಿನದ್ದೆಂದು ದಾಖಲಾಗಿದೆ. ಮೀನು ಸಿಕ್ಕಿಬಿದ್ದಾಗ ಮಾಡುವ ಗೊರ್ ಗೊರ್ ಬೇರೆ, ಅದು ಗಾಬರಿಯ ಸದ್ದು.

ತೊಂದರೆ ಏನೆಂದರೆ, ಗಂಟಲು ಇದ್ದವನನ್ನು ಹುಡುಕುವುದು ಸುಲಭ. ಮಲೇಷ್ಯಾದ ಪೂರ್ವ ಕರಾವಳಿಯಲ್ಲಿ ನೀರಿನೊಳಗೆ ತಲೆ ಇಳಿಸಿ ಇವುಗಳ ಸದ್ದು ಕೇಳಿ ಬಲೆ ಎಲ್ಲಿ ಬೀಸಬೇಕು ಅಂತ ಹೇಳುವ ಹಳೆಯ ಬೆಸ್ತರಿದ್ದರು. ಈಗ ಆ ಕೆಲಸವನ್ನು ಫಿಶ್ ಫೈಂಡರ್ ಯಂತ್ರ ಮಾಡುತ್ತದೆ. ಅದು ಹುಡುಕುವುದೂ ಹೆಚ್ಚಾಗಿ ಗಾಳಿಚೀಲವನ್ನೇ. ನೀರೊಳಗೆ ಬಿಟ್ಟ ಸದ್ದು ಗಾಳಿ ತುಂಬಿದ ಚೀಲಕ್ಕೆ ಬಡಿದು ಜೋರಾಗಿ ವಾಪಸ್ ಬರುತ್ತದೆ.

ಎಲ್ಲಿ ಇರುತ್ತದೆ? ಮುಂಬೈಯ ಗಲೀಜು ಖಾಡಿಯಲ್ಲೂ ಇರುತ್ತದಾ?

ಕೆಸರು ತಳ, 60 ಮೀಟರಿನೊಳಗಿನ ಆಳ, ಇದು ಘೋಳ್ ಇಷ್ಟಪಡುವ ಜಾಗ. ಮುಳುಗಿದ ಹಡಗು, ಕಲ್ಲಿನ ದಿಬ್ಬದ ಪಕ್ಕ ಗುಂಪು ಕಟ್ಟುತ್ತದೆ. ಮರಿಗಳು ನದಿಬಾಯಿ ಮತ್ತು ಖಾಡಿಗಳ (ನೆಲದೊಳಗೆ ಚಾಚಿದ ಸಮುದ್ರದ ಹಿನ್ನೀರು) ಕಡೆ ಬರುತ್ತವೆ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರುಗಳ ನಡುವೆ ಸಿಗಡಿ ಮರಿ ಧಾರಾಳ, ದೊಡ್ಡ ಮೀನಿನ ಕಾಟ ಕಡಿಮೆ. ಠಾಣೆ ಖಾಡಿ, ವಸಯಿ ಖಾಡಿ, ಗೊರಾಯಿ ಕಡೆಯ ಕಾಂಡ್ಲಾ ಕಾಡು ಉಳಿಯಬೇಕು ಅಂತ ಬೆಸ್ತರು ಗಲಾಟೆ ಮಾಡುವುದು ಬರೀ ಫ್ಲೆಮಿಂಗೊ ಹಕ್ಕಿಗಾಗಿ ಅಲ್ಲ.

ಏನು ತಿನ್ನುತ್ತದೆ?

ಸಿಗಡಿ, ಏಡಿ, ಚಿಕ್ಕ ಮೀನು. ಧೋಮಗಳೂ ಸಿಗಡಿಪ್ರಿಯರೇ. ಕೆಲವು ಕೆಸರಿನ ಹುಳ ಕೆದಕಿ ತಿನ್ನುತ್ತವೆ. ಘೋಳ್ ಹೊಟ್ಟೆಯಲ್ಲಿ ಧೋಮವೇ ಸಿಕ್ಕರೆ ಆಶ್ಚರ್ಯಪಡಬೇಡಿ, ಸಂಬಂಧಿಕರು ಅಂತ ಬಿಡುವುದಿಲ್ಲ.

ಎಷ್ಟು ದೊಡ್ಡದಾಗುತ್ತದೆ? ವಯಸ್ಸು ಹೇಗೆ ಗೊತ್ತಾಗುತ್ತದೆ?

ಒಂದೂವರೆ ಮೀಟರ್ ಉದ್ದದವರೆಗೆ ಬೆಳೆಯುತ್ತದೆ. ದಕ್ಕೆಗೆ ಬರುವ ಒಳ್ಳೆಯ ಘೋಳ್ ಹತ್ತು, ಹದಿನೈದು, ಇಪ್ಪತ್ತು ಕಿಲೋ ತೂಗುತ್ತದೆ. ಬೆಳವಣಿಗೆ ಬಿರುಸು. ಆದರೆ ಮೊಟ್ಟೆ ಇಡುವ ಹಂತಕ್ಕೆ ಬರಲು ತಡ. ಉತ್ತರ ಆಸ್ಟ್ರೇಲಿಯಾದಲ್ಲಿ ನೋಡಿದ ಹಾಗೆ ಸುಮಾರು 4 ವರ್ಷ ಬೇಕು, ಆ ಹೊತ್ತಿಗೆ ಮೀನು ಮೀಟರಿಗೆ ಹತ್ತಿರ ಇರುತ್ತದೆ. ಎರಡು ಮೂರು ಕಿಲೋದ ಘೋಳ್ ನಮ್ಮ ಕಣ್ಣಿಗೆ ದೊಡ್ಡ ಮೀನು. ಅದರ ಲೆಕ್ಕದಲ್ಲಿ ಅದಿನ್ನೂ ಮರಿ.

ವಯಸ್ಸು ತಿಳಿಯುವುದು ಕಿವಿಯ ಕಲ್ಲಿನಿಂದ. ಮೀನಿನ ತಲೆಬುರುಡೆಯ ಒಳಗೆ, ಮೆದುಳಿನ ಎರಡು ಪಕ್ಕ, ಸುಣ್ಣದ ಕಲ್ಲುಗಳಿರುತ್ತವೆ. ಬಂಗುಡೆಯಲ್ಲಿ ಹುಡುಕಿದರೂ ಕಾಣದಷ್ಟು ಸಣ್ಣದು. ಈ ಕುಟುಂಬದಲ್ಲಿ ಮಾತ್ರ ಭಾರಿ ದೊಡ್ಡದು. ಘೋಳ್ ತಲೆಯ ಸಾರು ಮಾಡಿದ ದಿನ ಬುರುಡೆಯ ಬುಡವನ್ನು ಬಿಡಿಸಿ ನೋಡಿ. ಹಲ್ಲಿಗೆ ಸಿಕ್ಕರೆ ಹಲ್ಲೇ ಹೋಗುವಷ್ಟು ಗಟ್ಟಿಯಾದ, ಪಿಂಗಾಣಿ ಬಿಳುಪಿನ ಎರಡು ಕಲ್ಲು ಸಿಗುತ್ತವೆ. ಒಂದು ಮಗ್ಗುಲು ಉಬ್ಬುತಗ್ಗು. ಇನ್ನೊಂದು ನಯವಾದ ಮಗ್ಗುಲಲ್ಲಿ ಗೊದಮೊಟ್ಟೆಯ ಆಕಾರದ ಗುರುತು, ದುಂಡು ತಲೆ, ಬಾಗಿದ ಬಾಲ. ಈ ಕುಟುಂಬದ ಕಲ್ಲಿಗೆ ಆ ಗುರುತೇ ಮೊಹರು. ಕಲ್ಲನ್ನು ತೆಳ್ಳಗೆ ಸೀಳಿ ಸೂಕ್ಷ್ಮದರ್ಶಕದಲ್ಲಿ ಉಂಗುರ ಎಣಿಸಿದರೆ ವಯಸ್ಸು. ಮಕ್ಕಳಿಗೆ ತೊಳೆದು ಕೊಡಿ, ಸ್ಕೂಲಿಗೆ ತೆಗೆದುಕೊಂಡು ಹೋಗುತ್ತಾರೆ.

ಮರಿ ಹಾಕುತ್ತದಾ, ಮೊಟ್ಟೆಯಾ? ಮರಿಗಳನ್ನು ನೋಡಿಕೊಳ್ಳುತ್ತದಾ?

ಮೊಟ್ಟೆ. ಗುಂಪು ಸೇರಿ ಹೆಣ್ಣು ಮೊಟ್ಟೆ ಬಿಡುತ್ತದೆ, ಗಂಡು ಬೀಜ ಬಿಡುತ್ತದೆ, ನೀರಲ್ಲೇ ಎರಡೂ ಕೂಡುತ್ತವೆ. ಮೊಟ್ಟೆಗಳು ಸಾಸಿವೆಗಿಂತ ಚಿಕ್ಕವು, ತೇಲುತ್ತವೆ. ನಮ್ಮ ಕಡೆಯ ಬೆಚ್ಚಗಿನ ನೀರಲ್ಲಿ ಒಂದು ದಿನದ ಆಸುಪಾಸಿನಲ್ಲಿ ಒಡೆಯುತ್ತವೆ. ಆಮೇಲೆ ಯಾರೂ ನೋಡಿಕೊಳ್ಳುವುದಿಲ್ಲ. ಲಕ್ಷಗಟ್ಟಲೆ ಮೊಟ್ಟೆಯಲ್ಲಿ ಬದುಕುವುದು ಬೆರಳೆಣಿಕೆ.

ಕೋಟಿ ರೂಪಾಯಿ ಘೋಳ್ ಸುದ್ದಿ ನಿಜವಾ, ಸುಮ್ನೆ ಬಿಟ್ಟಿದ್ದಾ?

ನಿಜ. 2021ರ ಆಗಸ್ಟ್ ಕೊನೆಯಲ್ಲಿ, ಮಳೆಗಾಲದ ಮೀನುಗಾರಿಕೆ ಬಂದ್ ಮುಗಿದ ಮೇಲೆ, ಪಾಲ್ಘರ್ ಜಿಲ್ಲೆಯ ಮುರ್ಬೆ ಊರಿನ ಒಂದು ದೋಣಿಗೆ ಒಂದೇ ಸಲಕ್ಕೆ 157 ಘೋಳ್ ಬಿದ್ದವು. ಹರಾಜಿನಲ್ಲಿ 1.33 ಕೋಟಿ ಬಂತು ಅಂತ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಒಂದೊಂದಕ್ಕೆ ಸರಾಸರಿ 85,000 ರೂಪಾಯಿ ಆಯಿತು.

ಆ ದುಡ್ಡು ಮಾಂಸಕ್ಕಲ್ಲ, ಗಾಳಿಚೀಲಕ್ಕೆ. ಮುಂಬೈ ಕಡೆ ಅದಕ್ಕೆ ಬೋತ್ ಅನ್ನುತ್ತಾರೆ. ತೆಗೆದು, ಸೀಳಿ, ತೊಳೆದು, ಒಣಗಿಸಿದರೆ ಹಳದಿ ಬಣ್ಣದ ಗಟ್ಟಿ ಹಾಳೆ. ಅದು ಹಾಂಗ್‌ಕಾಂಗ್, ಸಿಂಗಾಪುರ, ಮಲೇಷ್ಯಾಕ್ಕೆ ಹೋಗುತ್ತದೆ. ಚೀನೀಯರ ಹಬ್ಬದೂಟದಲ್ಲಿ ಇದರ ಸೂಪಿಗೆ ದೊಡ್ಡ ಮರ್ಯಾದೆ. ಗಂಡು ಮೀನಿನ ಚೀಲ ದಪ್ಪ, ಆದ್ದರಿಂದ ಬೆಲೆಯೂ ಜಾಸ್ತಿ. ಹೊರಗಿಂದ ನೋಡಿ ಗಂಡು ಹೆಣ್ಣು ಹೇಳುವುದು ಕಷ್ಟ, ಹಾಗಾಗಿ ಹರಾಜಿನಲ್ಲಿ ಸ್ವಲ್ಪ ಜೂಜೂ ಸೇರಿದೆ. ಇದು ಹೊಸ ವ್ಯಾಪಾರವೇನಲ್ಲ. 19ನೇ ಶತಮಾನದಲ್ಲೇ ಬಾಂಬೆಯಿಂದ ಚೀನಾಕ್ಕೆ ಶಾರ್ಕ್ ರೆಕ್ಕೆಯ ಜೊತೆ ಮೀನಿನ ಗಾಳಿಚೀಲವೂ ಹಡಗು ಹತ್ತುತ್ತಿತ್ತು. ಯುರೋಪಿನಲ್ಲಿ ಬಿಯರ್, ವೈನ್ ತಿಳಿಯಾಗಿಸಲು ಇಂಥದೇ ಚೀಲದ ಅಂಟು ಬಳಸುತ್ತಿದ್ದರು.

ಇದನ್ನು ಓದಿ ಮೀನುಗಾರಿಕೆಗೆ ದುಡ್ಡು ಹಾಕಲು ಹೊರಡಬೇಡಿ. ಡೀಸೆಲ್, ಐಸು, ಕೂಲಿ ಕೊಟ್ಟು ಬರಿಗೈಯಲ್ಲಿ ಬಂದ ದೋಣಿಗಳ ಸುದ್ದಿ ಪೇಪರಿನಲ್ಲಿ ಬರುವುದಿಲ್ಲ.

ಬೋತ್ ತಿಂದರೆ ಚರ್ಮಕ್ಕೆ, ಗಂಟುನೋವಿಗೆ ಒಳ್ಳೆಯದಂತೆ?

ಅದರಲ್ಲಿರುವುದು ಹೆಚ್ಚಾಗಿ ಕೊಲಾಜನ್ ಎಂಬ ಪ್ರೋಟೀನ್. ಹೊಟ್ಟೆಗೆ ಹೋದ ಮೇಲೆ ಬೇರೆ ಪ್ರೋಟೀನಿನ ಹಾಗೆ ಅದೂ ಜೀರ್ಣವಾಗುತ್ತದೆ. ಮುಖ ಹೊಳೆಯಲು ಇಷ್ಟು ದುಡ್ಡು ಸುರಿಯುವುದು ನನ್ನ ಪ್ರಕಾರ ಶುದ್ಧ ದಂಡ. ಆಪರೇಷನ್ನಿನ ಕರಗುವ ದಾರವನ್ನು ಘೋಳ್‌ನಿಂದಲೇ ಮಾಡುತ್ತಾರೆ ಅನ್ನುವುದು ಪ್ರತಿ ಸುದ್ದಿಯಲ್ಲೂ ಬರುವ ಸಾಲು. ಇವತ್ತು ಆಸ್ಪತ್ರೆಗಳಲ್ಲಿ ಬಳಸುವ ಕರಗುವ ದಾರ ಹೆಚ್ಚಿನದು ಕೃತಕ ಪಾಲಿಮರ್. ಹಳೆಯ ಕ್ಯಾಟ್‌ಗಟ್ ದಾರ ಕುರಿ, ದನದ ಕರುಳಿನದು.

ಚೀಲ ತೆಗೆದ ಮೇಲೆ ಉಳಿದ ಮೀನು ಕೊಳ್ಳಬಹುದಾ?

ಧಾರಾಳವಾಗಿ. ಮಾಂಸಕ್ಕೆ ಏನೂ ಆಗಿರುವುದಿಲ್ಲ. ಬಿಳಿ, ಗಟ್ಟಿ ಎಸಳು, ಸಣ್ಣ ಮುಳ್ಳು ಕಡಿಮೆ, ಮಕ್ಕಳಿಗೆ ಕೊಡಲು ಸಲೀಸು. ಹೊಟ್ಟೆ ಮೊದಲೇ ಸೀಳಿರುವುದರಿಂದ ತಾಜಾತನ ಮಾತ್ರ ಸರಿಯಾಗಿ ನೋಡಿ. ಕಿವಿರು ಕೆಂಪಿರಬೇಕು, ಮಾಂಸ ಒತ್ತಿದರೆ ಗುಳಿ ಉಳಿಯಬಾರದು. ಕ್ರಾಫರ್ಡ್ ಮಾರ್ಕೆಟ್, ಭಾವುಚಾ ಧಕ್ಕಾ, ಸಸೂನ್ ಡಾಕ್, ವರ್ಸೋವಾ ಎಲ್ಲಿ ಹೋದರೂ ಬೆಳಿಗ್ಗೆ ಬೇಗ ಹೋಗಿ.

ಘೋಳ್ ತುಂಡಿಗೆ ನಮ್ಮ ಪುಳಿಮುಂಚಿ ಚೆನ್ನಾಗಿ ಹೊಂದುತ್ತದೆ, ಮಾಂಸ ಒಡೆಯುವುದಿಲ್ಲ. ಧೋಮ ಮೆತ್ತಗೆ, ಗಸಿಗೆ ಹಾಕಿದರೆ ಕದಡಿ ಹೋಗುತ್ತದೆ. ಅದಕ್ಕೆ ರವೆ ಹಚ್ಚಿ ಕಾವಲಿಯಲ್ಲಿ ಗರಿಗರಿ ಮಾಡುವುದೇ ಸರಿ.

ಧೋಮದ ಬಾಯಲ್ಲಿ ಬಿಳಿ ಹುಳ ಸಿಕ್ಕಿತು. ಮೀನು ಬಿಸಾಡಬೇಕಾ?

ಬೇಡ. ಅದು ಐಸೊಪಾಡ್ ಎಂಬ ಪರಾವಲಂಬಿ, ಸಿಗಡಿ ಏಡಿಯ ದೂರದ ನೆಂಟ. ಮೀನಿನ ಬಾಯಿ, ಕಿವಿರಿನಲ್ಲಿ ಅಂಟಿಕೊಂಡು ರಕ್ತ ಹೀರುತ್ತದೆ. ಮನುಷ್ಯರಿಗೆ ಏನೂ ಮಾಡುವುದಿಲ್ಲ. ಕಿತ್ತೆಸೆದು, ತೊಳೆದು ಬೇಯಿಸಿ.

ಮೊದಲಿಗಿಂತ ಕಡಿಮೆಯಾಗಿದೆಯಾ?

ಆಗಿದೆ. ಕೋತ್ ಮೀನಂತೂ ಮಹಾರಾಷ್ಟ್ರ ಕರಾವಳಿಯಲ್ಲಿ ಒಂದು ಕಾಲಕ್ಕೆ ಇದ್ದ ಹಾಗೆ ಈಗ ಇಲ್ಲ. ಘೋಳ್ ಸಿಕ್ಕಿದ್ದು ಸುದ್ದಿಯಾಗುತ್ತದೆ ಅನ್ನುವುದೇ ಅದು ಎಷ್ಟು ಅಪರೂಪ ಅಂತ ಹೇಳುತ್ತದೆ ಅಲ್ವಾ? ದೊಡ್ಡದಾಗುವ, ತಡವಾಗಿ ಮೊಟ್ಟೆ ಇಡುವ, ಗುಂಪು ಕಟ್ಟುವ, ಜೊತೆಗೆ ಹೊಟ್ಟೆಯಲ್ಲಿ ಲಕ್ಷ ರೂಪಾಯಿ ಇಟ್ಟುಕೊಂಡ ಮೀನು ಬಾಳುವುದು ಕಷ್ಟ. ಒಂದು ಗುಂಪು ಸಿಕ್ಕರೆ ಪೂರ್ತಿ ಗುಂಪೇ ಹೋಗುತ್ತದೆ.

ಬೇರೆ ಕಡೆ ಏನಾಯಿತು ನೋಡಿ. ಚೀನಾದ ಬಹಾಬಾ ಇದೇ ಕುಟುಂಬದ್ದು, ಇದೇ ಚೀಲಕ್ಕಾಗಿ ಹಿಡಿದು ಹಿಡಿದು ಈಗ ಅಳಿವಿನ ಅಂಚಿನಲ್ಲಿದೆ. ಇದೇ ಕುಟುಂಬದ ಮೆಕ್ಸಿಕೋದ ಟೊಟೊಆಬಾ ಮೀನನ್ನು ಹಿಡಿಯಲು ಹಾಕಿದ ಕಳ್ಳ ಬಲೆಗಳಲ್ಲಿ ವಾಕೀಟಾ ಎಂಬ ಪುಟ್ಟ ಕಡಲಹಂದಿ ಸಿಕ್ಕಿ ಸತ್ತು ಸತ್ತು, ಇಡೀ ಭೂಮಿಯಲ್ಲಿ ಹತ್ತರ ಆಸುಪಾಸು ಮಾತ್ರ ಉಳಿದಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ನಮ್ಮ ಘೋಳ್‌ಗೇ 2019ರಲ್ಲಿ ವ್ಯಾಪಾರಕ್ಕಾಗಿ ಹಿಡಿಯುವುದಕ್ಕೆ ವರ್ಷಕ್ಕೆ 20 ಟನ್ ಮಿತಿ ಹಾಕಿತು.

ಧೋಮದ ಕಥೆ ಬೇರೆ. ಅದಕ್ಕೆ ಚೀಲದ ಶಾಪ ಇಲ್ಲ, ಚಿಕ್ಕದಿರುವಾಗಲೇ ಮೊಟ್ಟೆ ಇಡುತ್ತದೆ, ಬೇಗ ಚೇತರಿಸಿಕೊಳ್ಳುತ್ತದೆ. ಆದರೆ ಬೊಂಬಿಲ್ ಮೀನು, ಜವಳಾ ಎಂಬ ಪುಟ್ಟ ಸಿಗಡಿಗೆ ಅಂತ ಹಾಕುವ ಡೋಲ್ ಎಂಬ ಚೀಲದಂಥ ಬಲೆಯ ಸಣ್ಣ ಕಣ್ಣಿಗೆ ಇವುಗಳ ಮರಿಗಳು ರಾಶಿ ರಾಶಿ ಬೀಳುತ್ತವೆ. ಮೀನಿನ ಮಾಂಸ ಅರೆದು ಸುರಿಮಿ ಎಂಬ ಮುದ್ದೆ ಮಾಡುವ ಕಾರ್ಖಾನೆಗಳಿಗೂ ಧೋಮ ಹೋಗುತ್ತದೆ. ಹೋಟೆಲಿನ ಏಡಿ ಕಡ್ಡಿ ಅಂತ ತಿನ್ನುವುದರಲ್ಲಿ ಏಡಿ ಬಿಟ್ಟು ಇಂಥ ಮೀನುಗಳೇ ಇರುತ್ತವೆ.

ಜೂನ್, ಜುಲೈಯಲ್ಲೂ ಮಾರ್ಕೆಟ್‌ನಲ್ಲಿ ಸಿಗುತ್ತದಲ್ಲ?

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಬಂದ್. ಆಗ ಸಿಗುವುದು ಐಸಿನಲ್ಲಿಟ್ಟದ್ದು, ಪೂರ್ವ ಕರಾವಳಿಯಿಂದ ಬಂದದ್ದು, ಇಲ್ಲವೇ ಯಂತ್ರವಿಲ್ಲದ ಚಿಕ್ಕ ದೋಣಿಗಳು ಖಾಡಿಯಲ್ಲಿ ಹಿಡಿದದ್ದು. ಕೋಳಿ ಜನ ನಾರಳಿ ಪೂರ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ಬರುವ ಮೀನಿಗೆ ಕಾಯುವುದು ಒಳ್ಳೆಯದು. ಅಲ್ಲಿಯವರೆಗೆ ಒಣಮೀನಿನ ಚಟ್ನಿ ಇದೆಯಲ್ಲ.

ಮರಿ ಮೀನು ಕೊಳ್ಳಬಾರದು ಅನ್ನುತ್ತಾರೆ. ಕಾನೂನು ಏನಾದರೂ ಇದೆಯಾ?

ಮಹಾರಾಷ್ಟ್ರ ಸರ್ಕಾರ 2023ರಲ್ಲಿ 54 ಜಾತಿಗಳಿಗೆ ಇಷ್ಟು ಉದ್ದಕ್ಕಿಂತ ಚಿಕ್ಕದನ್ನು ಹಿಡಿಯುವಂತಿಲ್ಲ, ಮಾರುವಂತಿಲ್ಲ ಅಂತ ನಿಯಮ ತಂದಿದೆ. ದಕ್ಕೆಯಲ್ಲಿ ಸ್ಕೇಲ್ ಹಿಡಿದು ಅಳೆಯುವವರು ಎಲ್ಲ ಕಡೆ ಇರುವುದಿಲ್ಲ. ಕೊಳ್ಳುವವರ ಕೈಯಲ್ಲೇ ಹೆಚ್ಚಿನದು ಇದೆ. ಚುಕ್ಕೆ ಚುಕ್ಕೆ ಇರುವ, ಮೊಳದುದ್ದದ ಘೋಳ್ ಮರಿ ಬುಟ್ಟಿಯಲ್ಲಿ ಕಂಡರೆ ನಾನಂತೂ ಪಕ್ಕದ ಧೋಮ ತೆಗೆದುಕೊಂಡು ಬರುತ್ತೇನೆ. ರುಚಿಯಲ್ಲಿ ನಷ್ಟವಿಲ್ಲ.

ಗಾಳ ಹಾಕುವ ಹವ್ಯಾಸ ಇದೆ. ಘೋಳ್ ಸಿಕ್ಕರೆ ವಾಪಸ್ ಬಿಡಬಹುದಾ?

ಎಷ್ಟು ಆಳದಿಂದ ಬಂತು ಅನ್ನುವುದರ ಮೇಲೆ ಹೋಗುತ್ತದೆ. ಆಳದಿಂದ ಬೇಗ ಎಳೆದರೆ ನೀರಿನ ಒತ್ತಡ ಕಡಿಮೆಯಾಗಿ ಗಾಳಿಚೀಲ ಉಬ್ಬುತ್ತದೆ, ಕೆಲವು ಸಲ ಒಡೆಯುತ್ತದೆ, ಹೊಟ್ಟೆಯ ಭಾಗ ಬಾಯಿಂದ ಹೊರಗೆ ಬರುತ್ತದೆ. ಹದಿನೈದು ಮೀಟರಿಗಿಂತ ಆಳದಿಂದ ಬಂದ ಘೋಳನ್ನು ಬಿಟ್ಟರೂ ಬದುಕುವ ಸಾಧ್ಯತೆ ಕಡಿಮೆ. ಅದನ್ನು ಮನೆಗೇ ತನ್ನಿ, ಮತ್ತೆ ಅದೇ ಜಾಗದಲ್ಲಿ ಗಾಳ ಹಾಕಬೇಡಿ, ಗುಂಪು ಅಲ್ಲೇ ಇರುತ್ತದೆ. ಬಂಡೆ ಮೇಲೆ ಕೂತು ಆಳವಿಲ್ಲದ ನೀರಲ್ಲಿ ಹಿಡಿದ ಮರಿಯನ್ನು ಬಿಡಬಹುದು. ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ, ಕಿವಿರಿಗೆ ಬೆರಳು ಹಾಕಬೇಡಿ, ಗಾಳ ಒಳಗೆ ನುಂಗಿದ್ದರೆ ಎಳೆಯದೆ ದಾರ ಕತ್ತರಿಸಿ ಬಿಡಿ.